ಹಿರಿಯರ ಬ್ಲೂಸ್ ಕೇಳಲು ಹೊರಟ ಬಳ್ಳಾರಿಯವರಿಗೆ

ಎಂಬತ್ತು ದಾಟಿದ ಗಾಯಕರ ಕಛೇರಿಗೆ ಟಿಕೆಟ್ ಕೊಳ್ಳುವವರು ಒಂದು ಮಾತಿಗೆ ಮೊದಲೇ ಮನಸ್ಸು ಒಗ್ಗಿಸಿಕೊಳ್ಳಬೇಕು: ಕ್ಯಾಸೆಟ್ಟಿನಲ್ಲಿ ಕೇಳಿದ ಕಂಠ ಅಲ್ಲಿರುವುದಿಲ್ಲ. ಬಿಳಿ ಎರಡರಲ್ಲಿ ಹಾಡುತ್ತಿದ್ದವರು ಕರಿ ಒಂದಕ್ಕೋ ಬಿಳಿ ಒಂದಕ್ಕೋ ಇಳಿದಿರುತ್ತಾರೆ. ವೇದಿಕೆ ತುಂಬ ಓಡಾಡುತ್ತಿದ್ದವರು ಕುರ್ಚಿ ಹಾಕಿಸಿಕೊಂಡಿರುತ್ತಾರೆ. ಎರಡು ಗಂಟೆಯ ಕಾರ್ಯಕ್ರಮ ಒಂದೂಕಾಲು ಗಂಟೆಗೆ ಮುಗಿದರೂ ಮುಗಿಯಿತು. ಅದರಲ್ಲೂ ಒಂದಿಷ್ಟು ಹೊತ್ತು ಮಾತಿಗೇ ಹೋಗುತ್ತದೆ. ಇದು ಗೊತ್ತಿಲ್ಲದೆ ಹೋದವರು ದುಡ್ಡು ದಂಡ ಎಂದು ಗೊಣಗುತ್ತ ಬರುತ್ತಾರೆ. ಗೊತ್ತಿದ್ದು ಹೋದವರು, ದನಿ ಬಿಟ್ಟುಕೊಟ್ಟ ಜಾಗವನ್ನು ಹಿರಿಯರು ಯಾವುದರಿಂದ ತುಂಬುತ್ತಾರೆ ಎಂದು ಕಾದು ಕೂರುತ್ತಾರೆ. ಇಂಥ ಕಛೇರಿಗಳಲ್ಲಿ ಕೇಳಬೇಕಾದದ್ದು ಅದನ್ನೇ.

ಬ್ಲೂಸ್ ಎಂದರೆ ಏನು ಎನ್ನುವುದನ್ನು ನಮ್ಮ ಜಿಲ್ಲೆಯವರಿಗೆ ಹತ್ತಿಯಿಂದಲೇ ಶುರುಮಾಡಿ ಹೇಳಬಹುದು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತು, ನಮ್ಮ ಕಡೆಯ ಎರೆಭೂಮಿಯ ಹತ್ತಿಗೂ ಬೇಡಿಕೆ ಏರಿತು. ಯುದ್ಧ ಮುಗಿದು ಜೀತದಿಂದ ಬಿಡುಗಡೆಯಾದ ಕಪ್ಪು ಜನ ಅಲ್ಲಿ ಅದೇ ಹೊಲಗಳಲ್ಲಿ ಕೋರಿಗೆ ದುಡಿಯತೊಡಗಿದರು. ಹೊಲದ ಕೂಗು, ಚರ್ಚಿನ ಹಾಡು, ರೈಲುರಸ್ತೆ ಹಾಕುವವರ ಲಾವಣಿ ಸೇರಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಹುಟ್ಟಿದ್ದು ಬ್ಲೂಸ್. ಈಗಿನ ಹಿರಿಯರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಬಡ್ಡಿ ಗೈ ಅವರದು. 1936ರ ಜುಲೈ 30ರಂದು ಲೂಸಿಯಾನದ ಲೆಟ್ಸ್‌ವರ್ತ್‌ನಲ್ಲಿ ಕೋರಿನ ರೈತನ ಮನೆಯಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಹತ್ತಿ ಬಿಡಿಸಿದವರು. ಮೊದಲು ನುಡಿಸಿದ್ದು ಮನೆಯಲ್ಲೇ ಮಾಡಿಕೊಂಡ ಎರಡು ತಂತಿಯ ವಾದ್ಯ. 1957ರಲ್ಲಿ ಶಿಕಾಗೋಗೆ ಹೋದರು. 2025ರ ‘ಸಿನ್ನರ್ಸ್’ ಸಿನಿಮಾದ ಕೊನೆಯಲ್ಲಿ ಬರುವ ಮುದುಕ ಗಿಟಾರುವಾದಕ ಅವರೇ.

ಹಾಡಿನ ಕಟ್ಟು ಸರಳ. ಹನ್ನೆರಡು ಆವರ್ತ, ಒಂದೊಂದರಲ್ಲಿ ನಾಲ್ಕು ಎಣಿಕೆ. ಒಂದು ಸಾಲು ಹಾಡುತ್ತಾರೆ, ಅದನ್ನೇ ಇನ್ನೊಮ್ಮೆ ಹಾಡುತ್ತಾರೆ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುತ್ತಾರೆ. ಹಾರ್ಮೋನಿಯಂ ಬಲ್ಲವರಿಗೆ ಹೇಳುವುದಾದರೆ, ನಾಲ್ಕು ಆವರ್ತ ಷಡ್ಜದ ಮೇಲೆ, ಎರಡು ಮಧ್ಯಮದ ಮೇಲೆ, ಮತ್ತೆ ಎರಡು ಷಡ್ಜ, ಆಮೇಲೆ ಪಂಚಮ ಒಂದು, ಮಧ್ಯಮ ಒಂದು, ಷಡ್ಜ ಎರಡು. ಗಾಂಧಾರ ಮಾತ್ರ ಕೋಮಲವೂ ಅಲ್ಲ ಶುದ್ಧವೂ ಅಲ್ಲ. ಎರಡರ ನಡುವೆ ಎಲ್ಲೋ ಒಂದು ಕಡೆ ತಂತಿಯನ್ನು ಎಳೆದು ನಿಲ್ಲಿಸುತ್ತಾರೆ. ಪ್ರತಿ ಸಾಲಿನ ಕೊನೆಯಲ್ಲೂ ದನಿ ಸುಮ್ಮನಾಗುತ್ತದೆ, ಆ ಖಾಲಿ ಜಾಗದಲ್ಲಿ ಗಿಟಾರೋ ಮೌತ್ ಆರ್ಗನ್ನೋ ಓಗೊಡುತ್ತದೆ. 2015ರ ಮೇ 14ರಂದು 89ನೇ ವಯಸ್ಸಿನಲ್ಲಿ ತೀರಿಕೊಂಡ ಬಿ. ಬಿ. ಕಿಂಗ್ ಹಾಡುವಾಗ ಗಿಟಾರ್ ನುಡಿಸುತ್ತಲೇ ಇರಲಿಲ್ಲ. ಹಾಡುವುದು, ನಿಲ್ಲಿಸುವುದು, ಗಿಟಾರಿನಿಂದ ಉತ್ತರ ಹೇಳಿಸುವುದು. ಕೊನೆಗಾಲದಲ್ಲಿ ಕೂತೇ ಕಛೇರಿ ಕೊಡುತ್ತಿದ್ದಾಗಲೂ ಈ ಕ್ರಮ ಬದಲಾಗಲಿಲ್ಲ.

ನನಗೆ ಮುಖ್ಯ ಅನಿಸುವುದು ಇದು: ಹೀಗೆ ಕರೆದು ಓಗೊಡಿಸಿಕೊಳ್ಳುವ ಹಾಡಿಗೆ ಬೇಕಾದ ಕಿವಿ ಬಳ್ಳಾರಿ ಸೀಮೆಯಲ್ಲಿ ಆಗಲೇ ತಯಾರಾಗಿದೆ. ದರೋಜಿಯ ಈರಮ್ಮ ಬುರ್ರಕಥೆ ಹೇಳುತ್ತಿದ್ದಾಗ ಪಕ್ಕದವರು ಸೊಲ್ಲು ಹಿಡಿಯದಿದ್ದರೆ ಕಥೆ ಮುಂದೆ ಹೋಗುತ್ತಿರಲಿಲ್ಲ. ಅಕ್ಷರ ಬಾರದ ಆ ತಾಯಿ ಕಾವ್ಯಗಟ್ಟಲೆ ಕಥೆಯನ್ನು ನಾಲಿಗೆಯ ಮೇಲೆ ಇಟ್ಟುಕೊಂಡಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಕೊಟ್ಟಿತು. 2014ರ ಆಗಸ್ಟ್‌ನಲ್ಲಿ ಅವರು ಹೋದರು. ಭಜನೆಯಲ್ಲಿ, ತತ್ವಪದದಲ್ಲಿ, ಕಂಟೋನ್ಮೆಂಟಿನ ಚರ್ಚುಗಳ ಕೀರ್ತನೆಯಲ್ಲಿ ನಡೆಯುವುದೂ ಇದೇ: ಒಬ್ಬರು ಹೇಳುವುದು, ಉಳಿದವರು ಎತ್ತಿಕೊಳ್ಳುವುದು. ಬ್ಲೂಸ್ ಎಂದರೆ ಇಂಗ್ಲಿಷ್ ಬಲ್ಲವರ ಹವ್ಯಾಸ ಎಂದು ಹಿಂಜರಿಯುವವರಿಗೆ ಹೇಳುತ್ತೇನೆ, ಅಲ್ಲಿ ಬೆಪ್ಪಾಗಿ ಕೂರುವವರು ಹೆಚ್ಚಾಗಿ ನಗರದ ಸಭ್ಯ ಕೇಳುಗರೇ ಹೊರತು ಬಯಲಾಟ ನೋಡಿ ಬೆಳೆದವರಲ್ಲ.

ಎಲ್ಲಿ ಕೇಳುವುದು

ಬ್ಲೂಸೇ ಬೇಕೆಂದರೆ ರೈಲು ಹತ್ತಬೇಕು. ದೇಶದಲ್ಲಿ ಇದಕ್ಕೆಂದೇ ನಡೆಯುವ ದೊಡ್ಡ ಹಬ್ಬ ಮುಂಬೈನ ಮಹೀಂದ್ರಾ ಬ್ಲೂಸ್ ಉತ್ಸವ. ಬಾಂದ್ರಾದ ಮೆಹಬೂಬ್ ಸ್ಟುಡಿಯೋದಲ್ಲಿ 2011ರಲ್ಲಿ ಶುರುವಾಯಿತು. ಸಾಮಾನ್ಯವಾಗಿ ಫೆಬ್ರವರಿಯ ಒಂದು ವಾರಾಂತ್ಯ. ಬಡ್ಡಿ ಗೈ ಮೊದಲ ವರ್ಷವೇ ಬಂದಿದ್ದರು, ತಮ್ಮ ವಿದಾಯದ ಪ್ರವಾಸದಲ್ಲಿ 2023ರಲ್ಲೂ ಬಂದರು. ಆಗ ಅವರಿಗೆ 86. ಆದರೆ ಸ್ಟುಡಿಯೋ ಎಂದರೆ ಸಭಾಂಗಣವಲ್ಲ. ಮಂಡಿ ನೋವಿನವರು ಯಾವ ಟಿಕೆಟ್ಟಿಗೆ ಕುರ್ಚಿ ಉಂಟು, ಯಾವುದಕ್ಕೆ ಇಲ್ಲ ಎಂಬುದನ್ನು ದುಡ್ಡು ಕಟ್ಟುವ ಮೊದಲೇ ಓದಿಕೊಳ್ಳಬೇಕು. ಬಳ್ಳಾರಿಯಿಂದ ಮುಂಬೈಗೆ ಸಲೀಸಾದ ಒಂದು ದಾರಿ ಗುಂತಕಲ್ಲಿನ ಮೇಲಿನದು: ಐವತ್ತು ಕಿಲೋಮೀಟರ್ ಆಚೆ ಹೋಗಿ ಅಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿಯುವುದು.

ಬೆಂಗಳೂರಾದರೆ ಹಂಪಿ ಎಕ್ಸ್‌ಪ್ರೆಸ್ ಇದೆ. ರಾತ್ರಿ ಮಲಗಿ ಬೆಳಿಗ್ಗೆ ಇಳಿದು, ಮತ್ತೆ ರಾತ್ರಿ ಅದನ್ನೇ ಹತ್ತಿ ಬರಬಹುದು. ಬಳ್ಳಾರಿಯ ಕಂಟೋನ್ಮೆಂಟ್ ಸ್ಟೇಷನ್ ಮನೆಗೆ ಹತ್ತಿರ ಎಂದು ಅಲ್ಲಿಗೆ ಹೋಗಿ ನಿಂತುಬಿಡಬೇಡಿ, ಎಲ್ಲ ಗಾಡಿಗಳೂ ಅಲ್ಲಿ ನಿಲ್ಲುವುದಿಲ್ಲ. ಟಿಕೆಟ್ಟಿನ ಮೇಲೆ ಯಾವ ಸ್ಟೇಷನ್ ಇದೆಯೋ ಅಲ್ಲಿಗೇ ಹೋಗಿ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮುಂಚೆ ತೆರೆಯುತ್ತದೆ. ಹಾಗಾಗಿ ಕಛೇರಿಯ ದಿನ ಗೊತ್ತಾದ ಕೂಡಲೇ ರೈಲಿನ ಟಿಕೆಟ್ ಮೊದಲು, ಸಭಾಂಗಣದ್ದು ಆಮೇಲೆ ನೋಡಿ. ಸೀಟು ಸಿಗದೆ ಕಷ್ಟಪಡುವುದು ಹೆಚ್ಚಾಗಿ ರೈಲಿನದಕ್ಕೇ.

ಬೆಂಗಳೂರಿನಲ್ಲಿ ಕೂತು ಕೇಳುವ ಜಾಗಗಳಲ್ಲಿ ಮೊದಲನೆಯದು ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ. ಮೆಜೆಸ್ಟಿಕ್ಕಿನಿಂದ ಆಟೋಕ್ಕೆ ಹತ್ತಿರ. ದೊಮ್ಮಲೂರಿನ ಬೆಂಗಳೂರು ಅಂತರರಾಷ್ಟ್ರೀಯ ಕೇಂದ್ರ ಚಿಕ್ಕದು, ಅಚ್ಚುಕಟ್ಟು. ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್‌ನಲ್ಲಿ ಊಟ ಮಾಡುತ್ತ ಜಾಜ್, ಬ್ಲೂಸ್ ಕೇಳುವ ಏರ್ಪಾಡಿದೆ. ಚಮಚದ ಸದ್ದು ಆಗದವರು ಅತ್ತ ಹೋಗದಿರುವುದು ಒಳ್ಳೆಯದು, ಊರಾಚೆ ಬೇರೆ. ಅಮೆರಿಕದಿಂದ ಯಾರಾದರೂ ಬರಲಿ ಎಂದು ಕಾಯುತ್ತಲೂ ಕೂರಬೇಕಿಲ್ಲ. ಶಿಲ್ಲಾಂಗಿನ ಸೋಲ್‌ಮೇಟ್ ತಂಡ 2003ರಿಂದ ಹಾಡುತ್ತಿದೆ. ಬೆಂಗಳೂರಿನದೇ ಆದ ಕ್ರಾನಿಕ್ ಬ್ಲೂಸ್ ಸರ್ಕಸ್ ಕೂಡ ಹಳಬರ ತಂಡ.

ಊರು ಬಿಡಲಾಗದವರು ಏನು ಮಾಡಬೇಕು? ಹಿರಿಯರನ್ನು ಕೂತು ಕೇಳುವ ಅಭ್ಯಾಸಕ್ಕೆ ಬಳ್ಳಾರಿಯಲ್ಲೇ ಜಾಗಗಳಿವೆ. ನಟ, ವಕೀಲ ಬಳ್ಳಾರಿ ರಾಘವರ ಹೆಸರಿನ ರಾಘವ ಕಲಾಮಂದಿರ ಒಂದು. ರಂಗನಟ, ಗಮಕಿ ಜೋಳದರಾಶಿ ದೊಡ್ಡನಗೌಡರ ಹೆಸರಿನ ರಂಗಮಂದಿರ ಇನ್ನೊಂದು. ರಂಗಗೀತೆಗಳ ಸುಭದ್ರಮ್ಮ ಮನ್ಸೂರ್ 2020ರಲ್ಲಿ ತೀರಿಕೊಂಡ ಮೇಲೆ ಆ ಕಾಲದ ಕಂಪನಿ ನಾಟಕದ ದನಿ ಊರಿನಲ್ಲಿ ತೆಳ್ಳಗಾಗಿದೆ ನಿಜ. ಆದರೆ ಪಂಡಿತ ಎಂ. ವೆಂಕಟೇಶ್ ಕುಮಾರ್ ಇದ್ದಾರೆ. 1953ರಲ್ಲಿ ಬಳ್ಳಾರಿ ಜಿಲ್ಲೆಯ ಲಕ್ಷ್ಮೀಪುರದಲ್ಲಿ ಹುಟ್ಟಿದವರು. ತಂದೆ ಹುಲೆಪ್ಪ ಜನಪದ ಹಾಡುಗಾರ, ತೊಗಲುಗೊಂಬೆ ಆಡಿಸುವವರು. ರಂಗಭೂಮಿಯ, ತೊಗಲುಗೊಂಬೆಯ ಬೆಳಗಲ್ಲು ವೀರಣ್ಣ ವೆಂಕಟೇಶ್ ಕುಮಾರರಿಗೆ ಮಾವ. 1968ರಲ್ಲಿ ಹುಡುಗನನ್ನು ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಕರೆದುಕೊಂಡು ಹೋಗಿ ಬಿಟ್ಟವರು ಅವರೇ. ಪುಟ್ಟರಾಜ ಗವಾಯಿಗಳ ಬಳಿ ಹನ್ನೆರಡು ವರ್ಷ ಕಲಿತರು, 2016ರಲ್ಲಿ ಪದ್ಮಶ್ರೀ ಬಂತು. ಎಪ್ಪತ್ತು ದಾಟಿದ ಈ ಗಾಯಕರ ಕಛೇರಿ ಊರಿನಲ್ಲೋ ಹತ್ತಿರದ ಹೊಸಪೇಟೆ, ಗದಗ, ಹುಬ್ಬಳ್ಳಿ ಕಡೆಯೋ ಇದ್ದರೆ ತಪ್ಪಿಸಬೇಡಿ. ಕೆಳಗೆ ಬರೆದಿರುವುದರಲ್ಲಿ ಮುಕ್ಕಾಲು ಭಾಗ ಅಲ್ಲಿಗೂ ಸಲ್ಲುತ್ತದೆ.

ಮನೆಯಲ್ಲಿ ಮಾಡಬೇಕಾದ ಪಾಠವೂ ಇದೆ. ಬಿ. ಬಿ. ಕಿಂಗ್ ಅವರ ‘ಲೈವ್ ಅಟ್ ದ ರೀಗಲ್’ 1964ರ ನವೆಂಬರಿನಲ್ಲಿ ಶಿಕಾಗೋದ ರಂಗಮಂದಿರವೊಂದರಲ್ಲಿ ಮುದ್ರಣವಾದದ್ದು. ಮೊದಲ ಸಲ ಗಾಯಕರನ್ನು ಕೇಳಿ, ಎರಡನೆಯ ಸಲ ಸಭಿಕರನ್ನು ಕೇಳಿ. ಸಾಲು ಮುಗಿದ ಕೂಡಲೇ ಅವರು ಎಲ್ಲಿ ಕೂಗುತ್ತಾರೆ, ಎಲ್ಲಿ ಒಮ್ಮೆಲೇ ಸುಮ್ಮನಾಗುತ್ತಾರೆ ಎಂದು ಗಮನಿಸಿ. ಸಭೆಯಲ್ಲಿ ಹೇಗಿರಬೇಕೆಂದು ನೂರು ಲೇಖನ ಕಲಿಸಲಾರದ್ದನ್ನು ಅದು ಮುಕ್ಕಾಲು ಗಂಟೆಯೊಳಗೆ ಕಲಿಸುತ್ತದೆ. ಶಾಸ್ತ್ರೀಯದ ಕಡೆಯಿಂದ ಬರುವವರು ವಿಶ್ವಮೋಹನ ಭಟ್ಟರು ಅಮೆರಿಕದ ಗಿಟಾರುವಾದಕ ರೈ ಕೂಡರ್ ಜೊತೆ ನುಡಿಸಿದ, 1993ರ ‘ಎ ಮೀಟಿಂಗ್ ಬೈ ದ ರಿವರ್’ ಇಂದ ಶುರುಮಾಡಬಹುದು. 1995ರ ‘ಮುಮ್ತಾಜ್ ಮಹಲ್’ ಕೂಡ ಇದೆ. ಅದರಲ್ಲಿ ತಾಜ್ ಮಹಲ್ ಎಂಬ ಹೆಸರಿಟ್ಟುಕೊಂಡ ಅಮೆರಿಕದ ಬ್ಲೂಸ್ ಗಾಯಕರ ಜೊತೆ ಭಟ್ಟರೂ ಮೈಸೂರಿನಲ್ಲಿ ಹುಟ್ಟಿದ ಚಿತ್ರವೀಣೆಯ ಎನ್. ರವಿಕಿರಣ್ ಅವರೂ ನುಡಿಸಿದ್ದಾರೆ.

ಯಾವ ಸಾಲು, ಯಾವ ಕುರ್ಚಿ

ಟಿಕೆಟ್ ಕೊಳ್ಳುವಾಗ ಪರದೆಯ ಮೇಲೆ ಕುರ್ಚಿಗಳ ನಕ್ಷೆ ಕಂಡ ಕೂಡಲೇ ಎಲ್ಲರ ಬೆರಳೂ ಮುಂದಿನ ಸಾಲಿಗೆ ಹೋಗುತ್ತದೆ. ಬ್ಲೂಸಿಗೆ ಅದು ಒಳ್ಳೆಯ ಜಾಗವಲ್ಲ. ಗಾಯಕರ ದನಿ ಬರುವುದು ವೇದಿಕೆಯ ಎರಡೂ ಬದಿಗೆ ತೂಗುಹಾಕಿದ ದೊಡ್ಡ ಸ್ಪೀಕರುಗಳಿಂದ. ಅವು ನಿಮ್ಮ ತಲೆಯ ಮೇಲಿಂದ ಹಾದು ಹಿಂದಿನವರಿಗೆ ಹಾಡುತ್ತವೆ. ಮುಂದಿನ ಸಾಲಿನವರಿಗೆ ಕೇಳುವುದು ಡ್ರಮ್ಮಿನ ಹೊಡೆತ, ಗಿಟಾರಿನ ಸ್ವಂತ ಆಂಪ್ಲಿಫೈಯರು, ಅವೆರಡರ ನಡುವೆ ಸಿಕ್ಕಿಕೊಂಡ ಮಾತು. ಮುದುಕರ ಮೆಲುದನಿ ಮೊದಲು ಮುಳುಗುವುದೇ ಅಲ್ಲಿ.

ಸಭಾಂಗಣದ ನಡುವೆ, ಅಥವಾ ತುಸು ಹಿಂದೆ, ಗುಂಡಿಗಳ ಮೇಜಿನ ಮುಂದೆ ಒಬ್ಬರು ಕೂತಿರುತ್ತಾರೆ: ಸೌಂಡ್ ಎಂಜಿನಿಯರು. ಇಡೀ ಸಭೆಗೆ ಯಾವುದು ಎಷ್ಟು ಕೇಳಬೇಕೆಂದು ಅವರು ತೀರ್ಮಾನಿಸುವುದು ತಮ್ಮ ಕಿವಿಯಿಂದ. ಆದ್ದರಿಂದ ಅವರ ಮುಂದಿನ ಎರಡು ಮೂರು ಸಾಲು, ನಡುಭಾಗ, ಇದ್ದುದರಲ್ಲಿ ಎಲ್ಲಕ್ಕಿಂತ ಒಳ್ಳೆಯ ಜಾಗ. ಬಾಲ್ಕನಿಯ ಕೆಳಗಿನ ಕೊನೆಯ ಸಾಲುಗಳಲ್ಲಿ ಸೂರು ತಗ್ಗು. ಮಂದ್ರ ಗುಂಯ್‌ಗುಟ್ಟುತ್ತದೆ, ಮಾತು ಒಡೆಯುತ್ತದೆ. ಬಾಲ್ಕನಿಯ ಮೊದಲ ಸಾಲು ಸಿಕ್ಕರೆ ಬಿಡಬೇಡಿ. ತೀರ ಅಂಚಿನ ಕುರ್ಚಿಗಳಿಗೆ ಒಂದೇ ಸ್ಪೀಕರಿನ ಪಾಡು.

ಕೈ ನೋಡಬೇಕೆನ್ನುವವರಿಗೆ ಇನ್ನೊಂದು ಲೆಕ್ಕ. ಬಲಗೈಯವರು ಗಿಟಾರ್ ಹಿಡಿದರೆ ಅದರ ಕುತ್ತಿಗೆ ಚಾಚುವುದು ನಮ್ಮ ಬಲಕ್ಕೆ. ತಂತಿ ಒತ್ತುವ ಎಡಗೈ, ಬೆರಳಿಗೆ ಸಿಕ್ಕಿಸಿಕೊಂಡ ಗಾಜಿನ ಅಥವಾ ಉಕ್ಕಿನ ಕೊಳವೆ, ತಂತಿಯನ್ನು ಮೇಲಕ್ಕೆ ದೂಡಿ ಸ್ವರ ಬಗ್ಗಿಸುವುದು, ಎಲ್ಲ ಬಲಗಡೆ ಕೂತವರಿಗೆ ಹತ್ತಿರ. ಹಿಂದೂಸ್ತಾನಿ ಗಾಯನದಲ್ಲಿ ಸಾಮಾನ್ಯವಾಗಿ ತಬಲಾ ನಮ್ಮ ಎಡಕ್ಕೆ, ಹಾರ್ಮೋನಿಯಂ ಬಲಕ್ಕೆ. ಗಾಯಕರೂ ತಬಲಾದವರೂ ಸಮ್ ಹತ್ತಿರ ಬರುವಾಗ ಒಬ್ಬರನ್ನೊಬ್ಬರು ನೋಡುವ ಪರಿ ಕಾಣಬೇಕಾದರೆ ಬಲಗಡೆ ಕೂತು ಎಡಕ್ಕೆ ನೋಡುವುದು ವಾಸಿ.

ಓಡಾಡುವ ದಾರಿಯ ಪಕ್ಕದ ಕುರ್ಚಿಗೆ ಎರಡು ಲಾಭ. ವಯಸ್ಸಾದವರು ಜೊತೆಗಿದ್ದರೆ ನಡುವೆ ಎದ್ದು ಹೋಗಲು ಹತ್ತು ಜನರ ಮಂಡಿ ದಾಟಬೇಕಿಲ್ಲ. ಇನ್ನೊಂದು, ಬಡ್ಡಿ ಗೈ ಅಂಥವರು ಗಿಟಾರ್ ನುಡಿಸುತ್ತಲೇ ವೇದಿಕೆಯಿಂದ ಇಳಿದು ಸಭೆಯೊಳಗೆ ನಡೆದುಬಿಡುತ್ತಾರೆ; ಅದು ಅವರ ಹಳೆಯ ರೂಢಿ. ಹಾಗೆ ಬಂದಾಗ ದಾರಿ ಬಿಡಿ, ತೋಳು ಹಿಡಿದು ಸೆಲ್ಫಿಗೆ ಎಳೆಯಬೇಡಿ. ನೆಲದಲ್ಲಿ ಕತ್ತಲು, ಎಂಬತ್ತು ದಾಟಿದ ಕಾಲು, ಎಡವುವುದಕ್ಕೆ ಒಂದು ಕ್ಷಣ ಸಾಕು.

ನಮ್ಮೂರಿನ ಸಭೆಗಳಲ್ಲಿ ಈ ನಕ್ಷೆಯ ಗೊಡವೆ ಇಲ್ಲ. ಪ್ರವೇಶ ಹೆಚ್ಚಾಗಿ ಉಚಿತ, ಮೊದಲು ಬಂದವರಿಗೆ ಜಾಗ, ಮುಂದಿನ ಸೋಫಾ ಗಣ್ಯರಿಗೆ. ಆ ಗಣ್ಯರಲ್ಲಿ ಬಹಳ ಮಂದಿ ಸನ್ಮಾನ ಮುಗಿಯುತ್ತಲೇ ಎದ್ದು ಹೋಗುತ್ತಾರಾದ್ದರಿಂದ ಅವರ ಹಿಂದಿನ ಸಾಲಿನಲ್ಲಿ ಕೂತಿದ್ದರೆ ಆಮೇಲೆ ಎದುರು ಬಯಲು. ಸಂಜೆ ಆರು ಎಂದು ಆಮಂತ್ರಣದಲ್ಲಿದ್ದರೆ ದೀಪ, ಪ್ರಾರ್ಥನೆ, ಪ್ರಾಸ್ತಾವಿಕ, ಶಾಲು, ಹಾರ, ಫಲದ ಬುಟ್ಟಿ ಮುಗಿದು ತಂಬೂರಿಗೆ ಮೈಕು ಹಿಡಿಯುವ ಹೊತ್ತಿಗೆ ಏಳು ದಾಟಿರುತ್ತದೆ. ಎಪ್ಪತ್ತೈದು ವರ್ಷದವರನ್ನು ಅಷ್ಟು ಹೊತ್ತು ಪೇಟ ತೊಡಿಸಿ ಕೂರಿಸಿ, ಆಮೇಲೆ ತಾರಸಪ್ತಕ ಹಾಡಿ ಎನ್ನುವುದು ಯಾವ ನ್ಯಾಯವೋ ತಿಳಿಯದು. ಸಂಘಟಕರು ಯಾರಾದರೂ ಓದುತ್ತಿದ್ದರೆ: ಹಾಡು ಮೊದಲು, ಶಾಲು ಆಮೇಲೆ.

ಬಯಲಿನ ಕಾರ್ಯಕ್ರಮಕ್ಕೆ ಒಂದು ಗಡಿ ಇದೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ; ಮುಚ್ಚಿದ ಸಭಾಂಗಣದೊಳಗಾದರೆ ವಿನಾಯಿತಿ ಉಂಟು. ಬಯಲಿನಲ್ಲಿ ಭಾಷಣ ಉದ್ದವಾದಷ್ಟೂ ಕತ್ತರಿ ಬೀಳುವುದು ಕೊನೆಗೆ ಹಾಡುವ ಹಿರಿಯರಿಗೇ. ಕೂತು ಕೇಳುವ ಸಭಾಂಗಣವನ್ನೇ ಆರಿಸಿಕೊಳ್ಳಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಒಳಗೆ ಹೋದ ಮೇಲೆ

ಟಿಕೆಟ್ಟಿನ ಚಿತ್ರವನ್ನು ಫೋನಿನಲ್ಲಿ ಮೊದಲೇ ಉಳಿಸಿಕೊಳ್ಳಿ, ಬಾಗಿಲ ಬಳಿ ನೂರಾರು ಜನ ಸೇರಿದಾಗ ನೆಟ್‌ವರ್ಕ್ ಕೈಕೊಡುತ್ತದೆ. ಗುರುತಿನ ಚೀಟಿ ಇರಲಿ. ನಲವತ್ತು ಡಿಗ್ರಿಗೆ ಒಗ್ಗಿದ ಬಳ್ಳಾರಿಯ ಮೈಗೆ ಎ.ಸಿ. ಸಭಾಂಗಣ ಎರಡನೇ ತಾಸಿಗೆ ನಡುಗಿಸುತ್ತದೆ, ಒಂದು ಶಾಲು ಚೀಲದಲ್ಲಿರಲಿ.

ಬ್ಲೂಸ್ ಕಛೇರಿಯಲ್ಲಿ ಪರದೆ ಎದ್ದ ಕೂಡಲೇ ಹಿರಿಯರು ಬರುವುದಿಲ್ಲ. ಮೊದಲು ಕಿರಿಯರ ಒಂದು ತಂಡ ಹಾಡುತ್ತದೆ. ಆಮೇಲೆ ಹಿರಿಯರದೇ ವಾದ್ಯಗಾರರು ಒಂದೆರಡು ಚೀಜು ನುಡಿಸಿ, ಸಭೆಯನ್ನು ಕಾಯಿಸಿ, ಹೆಸರು ಕೂಗಿ ಕರೆಯುತ್ತಾರೆ. ಹೀಗಾಗಿ ತಡವಾಗಿ ಹೋದರೂ ನಡೆಯುತ್ತದೆ ಎನ್ನುವವರುಂಟು. ನನಗದು ಒಪ್ಪಿಗೆಯಿಲ್ಲ. ಆ ವಾದ್ಯಗಾರರ ಕೆಲಸವನ್ನು ಮೊದಲೇ ಕೇಳಿಟ್ಟುಕೊಂಡರೆ, ಹಿರಿಯರು ಬಂದ ಮೇಲೆ ಅವರು ಹೇಗೆ ತಗ್ಗುತ್ತಾರೆ, ಉಸಿರು ಸಾಲದ ಕಡೆ ಹೇಗೆ ಆತುಕೊಳ್ಳುತ್ತಾರೆ ಎಂಬುದು ಎದ್ದು ಕಾಣುತ್ತದೆ. ನಮ್ಮಲ್ಲಿ ತಂಬೂರಿ ಹಿಡಿದು ಹಿಂದೆ ಕೂತ ಶಿಷ್ಯರು ಮಾಡುವ ಕೆಲಸವೇ ಅದು. ಗುರುಗಳು ಬಿಟ್ಟ ಸ್ವರವನ್ನು ಮೆಲ್ಲಗೆ ಹಿಡಿದಿರುತ್ತಾರೆ.

ವಯಸ್ಸಾದಂತೆ ಗಂಟಲಿನ ತಂತುಗಳು ತೆಳುವಾಗಿ ಬಿಗಿಯುತ್ತವೆ, ಶ್ವಾಸಕೋಶದ ಹಿಡಿತ ಕುಗ್ಗುತ್ತದೆ. ಉದ್ದನೆಯ ಸಾಲು ತುಂಡಾಗುತ್ತದೆ. ಗಟ್ಟಿಗರು ಆ ತುಂಡನ್ನೇ ಲಯ ಮಾಡಿಕೊಳ್ಳುತ್ತಾರೆ: ಹಾಡಬೇಕಾದ್ದನ್ನು ಅರ್ಧ ಆಡಿ, ಉಳಿದರ್ಧವನ್ನು ಗಿಟಾರಿಗೆ ಬಿಡುತ್ತಾರೆ. ಬಡ್ಡಿ ಗೈ ಇಡೀ ತಂಡವನ್ನು ಪಿಸುಮಾತಿನ ಮಟ್ಟಕ್ಕೆ ಇಳಿಸಿ, ಸಭೆ ಉಸಿರು ಹಿಡಿದಾಗ ಒಮ್ಮೆಲೇ ಏರಿಸುವುದಕ್ಕೆ ಹೆಸರಾದವರು. ಗಂಗೂಬಾಯಿ ಹಾನಗಲ್ 2006ರಲ್ಲಿ, 93ರ ಹರೆಯದಲ್ಲಿ, ತಮ್ಮ ಸಂಗೀತದ 75ನೇ ವರ್ಷಕ್ಕೆ ಕೊನೆಯ ಕಛೇರಿ ಕೊಟ್ಟರು. ನಡುವಯಸ್ಸಿನಲ್ಲೇ ಗಂಡುದನಿಯಷ್ಟು ದಪ್ಪವಾದ ಕಂಠವನ್ನು ಬಚ್ಚಿಡದೆ ಅದರ ಮೇಲೇ ಗಾಯನ ಕಟ್ಟಿದವರು ಅವರು. ಪೈನ್‌ಟಾಪ್ ಪರ್ಕಿನ್ಸ್ ಎಂಬ ಬ್ಲೂಸ್ ಪಿಯಾನೋವಾದಕರು 2011ರಲ್ಲಿ ಗ್ರ್ಯಾಮಿ ಪಡೆದಾಗ ಅವರಿಗೆ 97.

ಚಪ್ಪಾಳೆಯ ವಿಷಯ. ನಮ್ಮ ಕೈ ಭಜನೆಗೆ ಒಗ್ಗಿದೆ, ಮೊದಲ ಎಣಿಕೆಗೇ ಬೀಳುತ್ತದೆ. ಬ್ಲೂಸಿನಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ ಎರಡಕ್ಕೂ ನಾಲ್ಕಕ್ಕೂ ತಟ್ಟಬೇಕು. ಡ್ರಮ್ಮಿನವರ ಎಡಗೈ ನೋಡಿದರೆ ತಪ್ಪುವುದಿಲ್ಲ, ಹೆಚ್ಚಿನವರು ಆ ಎರಡು ಪೆಟ್ಟು ಹೊಡೆಯುವುದು ಅದೇ ಕೈಯಿಂದ. ಜರ್ಮನಿಯ ಸಭೆಯೊಂದು ಒಂದಕ್ಕೂ ಮೂರಕ್ಕೂ ತಟ್ಟಿದಾಗ ತಾಜ್ ಮಹಲ್ ಹಾಡನ್ನು ನಿಲ್ಲಿಸಿ ತಿದ್ದಿದ್ದು ಧ್ವನಿಮುದ್ರಿಕೆಯಲ್ಲೇ ಉಳಿದಿದೆ. ಆದ್ದರಿಂದ ತಪ್ಪಿದರೆ ನಾಚಿಕೆಪಡಬೇಕಿಲ್ಲ, ಯುರೋಪಿನವರೂ ತಪ್ಪಿದ್ದಾರೆ. ಒಬ್ಬೊಬ್ಬ ವಾದಕರ ಸರದಿ ಮುಗಿದಾಗ ಹಾಡಿನ ನಡುವೆಯೇ ತಟ್ಟುವುದು ಅಲ್ಲಿನ ರೂಢಿ. ಸಾಲು ಮುಗಿದಾಗ ‘ಆಹಾ’ ಎನ್ನಿ, ‘ಹೌದಪ್ಪಾ’ ಎನ್ನಿ, ಯಾರೂ ತಿರುಗಿ ನೋಡುವುದಿಲ್ಲ. ಗಾಯಕರು ಆ ಜಾಗವನ್ನು ಖಾಲಿ ಬಿಟ್ಟಿರುವುದೇ ಅದಕ್ಕೆ. ಆದರೆ ಸಾಲಿನ ನಡುವೆ ಬೇಡ. ಗಿಟಾರ್ ಪಿಸುಗುಟ್ಟುವಾಗ ಸಿಳ್ಳೆಯಂತೂ ಬೇಡವೇ ಬೇಡ.

ಬೇಡಿಕೆಯ ಹಾಡನ್ನು ಕೂಗಿ ಕೇಳುವುದು ಎಲ್ಲ ಸಭೆಗಳ ರೋಗ. ವೆಂಕಟೇಶ್ ಕುಮಾರ್ ವಿಲಂಬಿತ ಖ್ಯಾಲ್ ಹಿಡಿದು ಇನ್ನೂ ಮಂದ್ರದಲ್ಲಿರುವಾಗಲೇ ಹಿಂದಿನಿಂದ ವಚನ, ದಾಸರ ಪದ ಎಂದು ಕೂಗಿದರೆ, ಮೆಲ್ಲಗೆ ಕಟ್ಟುತ್ತಿದ್ದುದು ಅಲ್ಲಿಗೇ ಕದಡುತ್ತದೆ. ಚೀಟಿ ಬರೆದು ಕಛೇರಿಗೆ ಮೊದಲೋ ವಿರಾಮದಲ್ಲೋ ಸಂಘಟಕರ ಕೈಗೆ ಕೊಡಿ. ಬ್ಲೂಸಿನವರಿಗೆ ಅದೂ ಬೇಡ. ಅನೇಕರು ಮೊದಲೇ ಬರೆದ ಪಟ್ಟಿಯಿಲ್ಲದೆ ಸಭೆಯ ಮುಖ ನೋಡಿ ಮುಂದಿನ ಹಾಡು ಎತ್ತಿಕೊಳ್ಳುತ್ತಾರೆ. ಒಂದು ಹಾಡನ್ನು ಅರ್ಧಕ್ಕೇ ಬಿಟ್ಟು ಇನ್ನೊಂದಕ್ಕೆ ಹಾರಿದರೆ ಮರೆವು ಎಂದುಕೊಳ್ಳಬೇಡಿ. ಫೋನ್ ಕಿಸೆಯಲ್ಲಿರಲಿ. ಒಂದೆರಡು ಚಿತ್ರ ತೆಗೆಯಲು ಬಿಟ್ಟರೂ, ಮಿಂಚುಬೆಳಕು ಪೊರೆ ತೆಗೆಸಿಕೊಂಡ ಕಣ್ಣಿಗೆ ಚುಚ್ಚುತ್ತದೆಂಬುದು ನೆನಪಿರಲಿ.

ಕಿವಿಯ ಮಾತು ಹೇಳದಿದ್ದರೆ ಆಗದು. ವಿದ್ಯುತ್ ಗಿಟಾರಿನ ಸಭೆಯಲ್ಲಿ ಶಬ್ದ 100 ಡೆಸಿಬೆಲ್ ಮುಟ್ಟುವುದು ಅಪರೂಪವಲ್ಲ. ಕಾರ್ಮಿಕರ ಆರೋಗ್ಯಕ್ಕೆ ಅಮೆರಿಕದ ಸರ್ಕಾರಿ ಸಂಸ್ಥೆ ಇಟ್ಟಿರುವ ಅಳತೆಯಲ್ಲಿ 85 ಡೆಸಿಬೆಲ್ ಶಬ್ದವನ್ನು ಎಂಟು ಗಂಟೆ ತಡೆಯಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗಲೂ ಹೊತ್ತು ಅರ್ಧಕ್ಕಿಳಿಯುತ್ತದೆ. 100ಕ್ಕೆ ಬಂದರೆ ಉಳಿಯುವುದು ಹದಿನೈದೇ ನಿಮಿಷ. ಮೆಡಿಕಲ್ ಶಾಪಿನಲ್ಲಿ ಸಿಗುವ ಮೆತ್ತನೆಯ ಇಯರ್‌ಪ್ಲಗ್ ಸಾಕು. ಹತ್ತಿ ತುರುಕಿಕೊಳ್ಳುವುದರಿಂದ ಹೆಚ್ಚಿನ ಉಪಯೋಗವಿಲ್ಲ. ಇಯರ್‌ಪ್ಲಗ್ಗನ್ನು ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಕಿವಿಯನ್ನು ಮೇಲಕ್ಕೆ ಎಳೆದು ಹಿಡಿದು ಒಳಗಿಟ್ಟರೆ ಅದು ಅಲ್ಲೇ ಅರಳಿ ಕೂರುತ್ತದೆ. ಶ್ರವಣಯಂತ್ರ ಹಾಕುವವರು ಮಾತಿಗೆಂದು ಹೊಂದಿಸಿದ್ದನ್ನು ಸಂಗೀತಕ್ಕೆ ಬದಲಿಸಿಕೊಳ್ಳಬಹುದೇ ಎಂದು ಮೊದಲೇ ಕೇಳಿ ತಿಳಿದಿರಲಿ. ಇಲ್ಲವಾದರೆ ಗಾಯಕರ ಉದ್ದನೆಯ ಸ್ವರವನ್ನು ಯಂತ್ರ ಗದ್ದಲವೆಂದು ತಿಳಿದು ಅದುಮಿಬಿಡುತ್ತದೆ.

ಮುಗಿದ ಮೇಲೆ

ಕೊನೆಯ ಹಾಡಿಗೆ ಎದ್ದು ನಿಂತು ಚಪ್ಪಾಳೆ ತಟ್ಟಿದರೆ ಇನ್ನೊಂದು ಹಾಡು ಸಿಗುತ್ತದೆಂಬ ನಂಬಿಕೆ ಇದೆ. ಕಿರಿಯರ ಮಟ್ಟಿಗೆ ಅದು ನಿಜ. ಎಂಬತ್ತರವರು ಎರಡು ಸಲ ಕೈಮುಗಿದು ಒಳಗೆ ಹೋದರೆಂದರೆ ಮತ್ತೆ ಕೂಗಬೇಡಿ. ವಾದ್ಯಗಾರರು ಇನ್ನೂ ನುಡಿಸುತ್ತಿರುವಾಗಲೇ ಹಿರಿಯರನ್ನು ಕೈಹಿಡಿದು ಕರೆದೊಯ್ಯುವುದೂ ಉಂಟು. ನಿಮ್ಮ ಚಪ್ಪಾಳೆ ಆಗ ಉಳಿದವರಿಗೆ ಸಲ್ಲಲಿ.

ಮಾತಾಡಿಸಬೇಕೆಂದಿದ್ದರೆ ಹೊರಗೆ ಸಿ.ಡಿ., ಅಂಗಿ ಮಾರುವ ಮೇಜಿನ ಬಳಿ ಕಾಯಿರಿ. ಬರುವ ಮನಸ್ಸಿದ್ದರೆ ಅಲ್ಲಿಗೇ ಬರುತ್ತಾರೆ. ನಮ್ಮ ಕಡೆಯ ಗಾಯಕರಾದರೆ ಒಳಕೋಣೆಯ ಬಾಗಿಲಲ್ಲಿ ಸಾಲು ನಿಂತು ಪಾದ ಮುಟ್ಟುವ ಪದ್ಧತಿ. ಬಿಸಿನೀರು ಕುಡಿದು ಉಸಿರು ತಿರುಗಿಸಿಕೊಳ್ಳಲು ಅವರಿಗೆ ಹತ್ತು ನಿಮಿಷ ಕೊಟ್ಟು ಆಮೇಲೆ ಹೋಗಿ. ಗಿಟಾರಿನವರ ಕೈಯನ್ನು ಗಟ್ಟಿಯಾಗಿ ಹಿಡಿದು ಕುಲುಕಬೇಡಿ, ಅರವತ್ತು ಎಪ್ಪತ್ತು ವರ್ಷ ತಂತಿ ಎಳೆದ ಬೆರಳಿನ ಕೀಲುಗಳಲ್ಲಿ ನೋವಿರುತ್ತದೆ. ದೂರದಿಂದ ನಮಸ್ಕಾರ ಸಾಕು. ‘ನಿಮ್ಮ ಹಳೆಯ ಆ ಹಾಡು ಹಾಡಲಿಲ್ಲವಲ್ಲ’ ಎಂದು ಶುರುಮಾಡಬೇಡಿ. ಈ ಸಂಜೆ ಹಾಡಿದ್ದರಲ್ಲಿ ಯಾವುದು ಹಿಡಿಸಿತೋ ಅದರ ಹೆಸರು ಹೇಳಿ.

ಹಂಪಿ ಎಕ್ಸ್‌ಪ್ರೆಸ್ಸಿಗೆ ಮರಳುವವರು ಸಭಾಂಗಣದಿಂದ ಸ್ಟೇಷನ್ನಿಗೆ ಒಂದು ಗಂಟೆಯನ್ನಾದರೂ ಕೈಯಲ್ಲಿ ಇಟ್ಟುಕೊಂಡಿರಿ. ವೇಳಾಪಟ್ಟಿ ಆಗಾಗ ಬದಲಾಗುತ್ತದೆ, ಹೊರಡುವ ದಿನ ಇನ್ನೊಮ್ಮೆ ನೋಡಿ. ಕಛೇರಿ ತಡವಾಗುವ ಅಂದಾಜಿದ್ದರೆ ಮರುದಿನ ರಾತ್ರಿಯ ಬರ್ತ್ ಹಿಡಿಯಿರಿ, ಅಥವಾ ರಾತ್ರಿ ತಡವಾಗಿ ಬಳ್ಳಾರಿಗೆ ಹೊರಡುವ ಸ್ಲೀಪರ್ ಬಸ್ಸು ನೋಡಿ.